ನಾನು ದೊರಕಿಸಿಕೊಟ್ಟ ಎರಡನೇ ಬಹುಮಾನ

ನಾನು ಅಮೆರಿಕದಲ್ಲಿ ಫುಟ್‌ಬಾಲ್ ಕಪ್ ಗೆದ್ದವನು. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ನಾನೇ ಹೇಳಿದ್ದೆ. ಪುರಾವೆ ಮೇಜಿನ ಮೇಲಿತ್ತು. ಚಿಕ್ಕ ಊರಿನ ಚಿಕ್ಕ ವಿಶ್ವವಿದ್ಯಾಲಯ, ಅಂಥ ಚಿಕ್ಕವುಗಳದೇ ಒಂದು ಚಾಂಪಿಯನ್‌ಶಿಪ್, ಫೋಟೊದಲ್ಲಿ ಹನ್ನೊಂದು ಹುಡುಗರು, ಕಪ್ಪಿನ ಒಂದು ಹಿಡಿ ನನ್ನ ಕೈಯಲ್ಲಿ!

"ಎಲ್ರೂ ಚಡ್ಡೀಲಿದಾರೆ. ನೀವೊಬ್ರೇ ಯಾಕ್ರೀ ಸ್ವೆಟರ್ ಹಾಕ್ಕೊಂಡಿದೀರ?" ಎಂದು ಹೆಂಡತಿ ಸುಧಾ ಮದುವೆಯ ಹೊಸತರಲ್ಲೇ ಕೇಳಿದ್ದಳು.

"ಚಳಿ ಕಣೇ."

ನಿಜವೆಂದರೆ ನಾನು ಅಲ್ಲಿ ಸ್ಕೋರ್‌ಬೋರ್ಡಿನ ಗಡಿಯಾರ ನಡೆಸುತ್ತಿದ್ದೆ. ಆದರೆ ಹದಿನೈದು ವರ್ಷ ಕಥೆ ಹೇಳಿ ಹೇಳಿ, ಎರಡು ಗೋಲು ಹೊಡೆದ ನೆನಪೂ ನನಗೆ ಬಂದುಬಿಟ್ಟಿತ್ತು. ಹಳೆಯ ಡೈರಿಯಲ್ಲಿ 'ನಾವು ಗೆದ್ದೆವು' ಎಂದಿದೆ. ಬರೆದವನು ನಾನೇ. ಹೇಗೆ ನಂಬಲಿ?

ಅಕ್ಕಪಕ್ಕದ ಕಾರ್ಖಾನೆಗಳ ಟೂರ್ನಿಗೆ ಸಹಜವಾಗಿ ನಾನೇ ಕೋಚ್ ಆದೆ. ಲೇತ್ ಆಪರೇಟರ್ ಮಲ್ಲಪ್ಪ ಕ್ಯಾಪ್ಟನ್. ನನ್ನ ಸಲಹೆಗಳನ್ನೆಲ್ಲ ಮೀರಿ ತಂಡ ಫೈನಲ್ ತಲುಪಿತು. 'ಅಪ್ಪ ಕಪ್ ತರ್ತಾನ' ಎಂದು ಮಗಳಿಗೆ ಮಾತು ಕೊಟ್ಟಿದ್ದ ಮಲ್ಲಪ್ಪ, ಹೆಂಡತಿಯನ್ನೂ ಮಗಳನ್ನೂ ಬಾಗಲಕೋಟೆಯಿಂದ ಕರೆಸಿದ್ದ.

ಪಂದ್ಯ ಭಾನುವಾರ, ಕಾರ್ಖಾನೆಯ ಹಿಂದಿನ ಬಯಲಿನಲ್ಲಿ. ಅಮೆರಿಕದ ಕಾಲೇಜು ಆಟದಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತದೆ. ಸೊನ್ನೆ ಮುಟ್ಟಿದ ಕೂಡಲೇ ಹಾರ್ನ್, ಆಟ ಮುಕ್ತಾಯ. ಆ ಭವ್ಯ ಸಂಪ್ರದಾಯವನ್ನು ಪೀಣ್ಯಕ್ಕೆ ತರಲು ನಿರ್ಧರಿಸಿದೆ. ನಮಗೂ ಹಾರ್ನ್ ಇತ್ತಲ್ಲ, ಶಿಫ್ಟ್ ಸೈರನ್! ವಾಚ್‌ಮನ್ ರಂಗಪ್ಪನಿಗೆ ಹೇಳಿದೆ: "ನಾನು ಕರ್ಚೀಫ್ ಬೀಸಿದ ತಕ್ಷಣ ಸೈರನ್ ಹಾಕು."

"ಇವತ್ತು ರಜ ಅಲ್ವಾ ಸಾ? ಯಾವ್ ಶಿಫ್ಟ್ ಬಿಡ್ತದೆ?"

"ಅಮೆರಿಕದಲ್ಲಿ ಹಿಂಗೇ."

"ಅಂಗಾದ್ರೆ ಸರಿ ಬುಡಿ."

ಮಲ್ಲಪ್ಪ ಒಂದು ಗೋಲು ಹೊಡೆದ. ಎದುರಾಳಿಗಳದು ಸೊನ್ನೆ. ನನ್ನ ವಾಚಿನಲ್ಲಿ ಕೊನೆಯ ಹತ್ತು ಸೆಕೆಂಡು. ನಾನು ಗಟ್ಟಿಯಾಗಿ ಎಣಿಸಿದೆ. ಸೊನ್ನೆ! ಕರ್ಚೀಫ್ ಬೀಸಿದೆ. ಸೈರನ್ ಮೊಳಗಿತು.

ಚೆಂಡು ಮೋರಿಗೆ ಬಿದ್ದು ಹಾಳಾದ ಹೊತ್ತಿಗೆಂದು ರೆಫರಿ ನಾಲ್ಕು ನಿಮಿಷ ಸೇರಿಸಿದ್ದು ನನಗೆ ಗೊತ್ತಿರಲಿಲ್ಲ. ನಮ್ಮ ಹನ್ನೊಂದೂ ಜನ ನಿಂತಲ್ಲೇ ನಿಂತರು. ಗೋಲ್‌ಕೀಪರ್ ಗ್ಲೌಸ್ ಬಿಚ್ಚಿ ಸೈಕಲ್ ಸ್ಟ್ಯಾಂಡಿನ ಕಡೆ ಹೊರಟ. ಎದುರಾಳಿಗಳಿಗೆ ನಮ್ಮ ಸೈರನ್ನಿನ ಅಭ್ಯಾಸವಿರಲಿಲ್ಲ. ಅವರು ನಿಧಾನವಾಗಿ ನಡೆದುಕೊಂಡು ಬಂದು ಗೋಲು ಹೊಡೆದರು.

"ಆಡ್ರೋ! ಇನ್ನೂ ಮುಗಿದಿಲ್ಲ!" ಎಂದು ಕಿರುಚಿದೆ. ಎಲ್ಲರೂ ಮತ್ತೆ ಓಡತೊಡಗಿದರು. ಇನ್ನೊಮ್ಮೆ ಸೈರನ್ ಹಾಕದಿರಲಿ ಎಂದು ರಂಗಪ್ಪನಿಗೆ 'ಬೇಡ ಬೇಡ' ಎಂದು ಕೈ ಬೀಸಿದೆ.

ಕೈಯಲ್ಲಿ ಕರ್ಚೀಫ್ ಇತ್ತು.

ಎರಡನೇ ಸೈರನ್. ಎರಡನೇ ಗೋಲು!

ಎಲ್ಲ ಮುಗಿದ ಮೇಲೆ ಮಲ್ಲಪ್ಪ ಬೆವರು ಒರೆಸಿಕೊಳ್ಳುತ್ತ ಬಂದ. "ಹನ್ನೆರಡು ವರ್ಷದಾಗ ಸೈರನ್ ಆದ ಮ್ಯಾಲ ಒಂದ್ ಬೋಲ್ಟ್ ಸೈತ ತಿರುಗಿಸಿಲ್ರಿ ಸರ. ಕಾಲು ತಾವಾ ನಿಂತುಬಿಟ್ವು." ಆಮೇಲೆ ಕೇಳಿದ: "ಅಮೆರಿಕಾದಾಗ ನೀವು ಯಾವ ಜಾಗದಾಗ ಆಡ್ತಿದ್ರಿ?"

ಅವನ ಮಗಳು ನನ್ನನ್ನೇ ನೋಡುತ್ತಿದ್ದಳು. "ಗಡಿಯಾರದ ಹತ್ತಿರ," ಎಂದೆ.

ಮಲ್ಲಪ್ಪ ನಕ್ಕ. ರನ್ನರ್ಸ್ ಅಪ್ ಕಪ್ಪನ್ನು ಮಗಳ ಕೈಗಿಟ್ಟು, ನನ್ನನ್ನು ಫೋಟೊಕ್ಕೆ ಎಳೆದ. "ಬರ್ರಿ ಸರ. ನೀವಿರದಿದ್ರ ನಾವು ಗೆದ್ದೇ ಬಿಡ್ತಿದ್ವಿ. ಇದ್ರಾಗ ನಿಮ್ದೂ ಪಾಲು ಐತಿ."

ಆ ಫೋಟೊ ಈಗ ಮೇಜಿನ ಮೇಲೆ ಹಳೆಯದರ ಪಕ್ಕದಲ್ಲಿದೆ. ಎಲ್ಲರೂ ಚಡ್ಡಿಯಲ್ಲಿದ್ದಾರೆ, ನಾನೊಬ್ಬನೇ ಅದೇ ಹಳೆಯ ಸ್ವೆಟರಿನಲ್ಲಿದ್ದೇನೆ. ನನ್ನ ಕೈ ಮಾತ್ರ ಖಾಲಿ. ವಾಚನ್ನೂ ಕರ್ಚೀಫನ್ನೂ ಮಲ್ಲಪ್ಪ ಮೊದಲೇ ಇಸಿದುಕೊಂಡಿದ್ದ.