ತಾಟಿಲ್ಲದ ದೇಶದ ರೊಟ್ಟಿ

ಸಾರಿಗೆ ಉಪ್ಪು ಹೆಚ್ಚಾದರೆ ನೀರು ಹಾಕಬಹುದು, ಮಾತು ಹೆಚ್ಚಾದರೆ ಏನು ಹಾಕುವುದು? ನನಗೆ ಮಾತು ಯಾವಾಗಲೂ ಒಂದು ಹಿಡಿ ಹೆಚ್ಚೇ. ಹಾಗಾಗಿ ಮೊದಲು ಫೌಜಿನ ಅಡುಗೆಮನೆಯಲ್ಲಿ, ಆಮೇಲೆ ಆಳಂದದ ಖಾನಾವಳಿಯಲ್ಲಿ, ಎಲ್ಲೇ ಸೌಟು ಹಿಡಿದರೂ ಮಾತಿನಿಂದ ಫಜೀತಿಗಳು ನಡೆಯುತ್ತಲೇ ಬಂದಿವೆ. ಆದರೆ ಹೆಂಡತಿ ಮಗನನ್ನೇ ಕಳೆದುಕೊಳ್ಳುವ ಮಟ್ಟಕ್ಕೆ ಹೋದದ್ದು ಒಂದು ರೊಟ್ಟಿಯ ಪ್ರಕರಣ ಮಾತ್ರ. ಅದು ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದ ಚಳಿಗಾಲ. ಭೀಮಾ ದಂಡೆಯ ನಮ್ಮ ಮಣ್ಣೂರಿನಲ್ಲಿ ಇನ್ನೂ ನಿಜಾಮರ ರಾಜ್ಯವೇ ನಡೆದಿತ್ತು.

ಕಟ್ಟೆಯ ಮೇಲೆ ಸುಟ್ಟ ರೊಟ್ಟಿ

ಯುದ್ಧದ ಕಾಲಕ್ಕೆ ನಾನು ಹೊಳೆ ದಾಟಿ ಸೊಲ್ಲಾಪುರಕ್ಕೆ ಹೋಗಿ ಫೌಜಿನಲ್ಲಿ ಅಡುಗೆಯವನಾಗಿ ಸೇರಿದ್ದೆ. ಹಡಗು ಹತ್ತಿಸಿ ಇಟಲಿಗೆ ಒಯ್ದರು. ನೇಪಲ್ಸ್ ಎಂಬ ಊರಿನ ಹೊರಗೆ ನಮ್ಮ ಡೇರೆ, ಪಕ್ಕದಲ್ಲೇ ಒಬ್ಬ ಮುದುಕಿಯ ಮನೆ. ಆ ಪುಣ್ಯಾತ್ಗಿತ್ತಿ ನನ್ನನ್ನು ಭಟ್ಟಿಯ ಹತ್ತಿರ ಕೂಡಿಸಿಕೊಂಡು ಒಂದು ರೊಟ್ಟಿ ಮಾಡಿ ತಿನ್ನಿಸಿದಳು. ಉಬ್ಬಿದ ಹಿಟ್ಟನ್ನು ಕೈಯಲ್ಲೇ ಅಗಲ ಮಾಡಿ, ಮೇಲೆ ಟಮಾಟಿ, ಬಳ್ಳೊಳ್ಳಿ, ಘಮಘಮ ಎನ್ನುವ ಒಂದು ಹಸಿ ಸೊಪ್ಪು ಅರೆದು ಹಚ್ಚಿ, ಅದರ ಮೇಲೆ ಚೀಸು ಎಂಬ ಹಾಲಿನ ಗಟ್ಟಿ ಉದುರಿಸಿ, ಉರಿಯುವ ಭಟ್ಟಿಯೊಳಗೆ ತಳ್ಳುತ್ತಿದ್ದಳು. ಹೆಸರು ಪಿಜ್ಜಾ. ಯುದ್ಧದಲ್ಲಿ ನನಗೆ ಸಿಕ್ಕ ಪದಕ ಅದೊಂದೇ, ಅದನ್ನೂ ತಿಂದುಬಿಟ್ಟೆ.

ಊರಿಗೆ ಬಂದ ಮೇಲೆ ಸುಮ್ಮನಿರಬೇಕಿತ್ತು. ಹನುಮಂತ ದೇವರ ಕಟ್ಟೆಯ ಮೇಲೆ ಕೂತು ದಿನವೂ ಅದನ್ನೇ ಹೇಳಿದೆ. ಕಟ್ಟೆಯ ಹಿರಿಯರೊಬ್ಬರು ಕೊನೆಗೆ ಕೇಳಿದರು:

"ಪಲ್ಯ ಮೊದಲ ರೊಟ್ಟಿ ಮ್ಯಾಲ ಹಚ್ಚಿ ಆಮ್ಯಾಗ ಸುಡ್ತಾರ?"

"ಹೌದ್ರಿ."

"ಯಾಕ, ಅವ್ರ ಊರಾಗ ತಾಟಿಲ್ಲೇನು?"

ಉಣ್ಣಲು ತಟ್ಟೆಯೂ ಇಲ್ಲದ ದೇಶವೆಂದು ಕಟ್ಟೆಗೆ ಕಟ್ಟೆಯೇ ನಕ್ಕಿತು. ಮಾರಿ ಸಣ್ಣದು ಮಾಡಿಕೊಂಡು ಮನೆಗೆ ಬಂದು ಅವ್ವನಿಗೆ ಹೇಳಿದೆ. ಆಕೆ ನಗಲಿಲ್ಲ. ಬೀಸುವ ಕಲ್ಲು ನಿಲ್ಲಿಸಿ ಮರುಗಿದಳು.

"ನಗಬಾರದಪ್ಪಾ. ಪಾಪ, ಯುದ್ಧದಾಗ ಅವ್ರ ತಾಟೆಲ್ಲ ಒಡದು ಹೋಗಿರ್ಬೇಕು."

ಎತ್ತಿಗೆ ಏರಿದ ನಿಶೆ

ನನ್ನಾಕೆ ಆಗ ಹೆರಿಗೆಗೆಂದು ಕರಜಗಿಯ ತವರಿನಲ್ಲಿದ್ದಳು. ಗಂಡು ಮಗು. ಐದನೇ ತಿಂಗಳಿಗೆ ತೊಟ್ಟಿಲು ಸಮೇತ ಕಳಿಸಿಕೊಡುವುದು ನಮ್ಮ ಕಡೆಯ ಪದ್ಧತಿ. ಅವಳು ಬರುವಷ್ಟರಲ್ಲಿ ಪಿಜ್ಜಾ ಮಾಡಿ ಕೈ ಪಳಗಿಸಿಕೊಂಡು, ಬಂದ ದಿನವೇ ತಿನ್ನಿಸಿ ಮೆಚ್ಚಿಸಬೇಕೆಂದು ನನ್ನ ಆಸೆ. ಹಿಟ್ಟು ಉಬ್ಬಿಸುವುದು ಹೇಗೆ ಎಂಬುದೊಂದೇ ತೊಡಕು. ಇಟಲಿಯ ಮುದುಕಿ ಹಿಂದಿನ ದಿನದ ಹಳೇ ಹಿಟ್ಟು ಹಾಕುತ್ತಿದ್ದಳು. ನನ್ನ ಹತ್ತಿರ ಹಿಂದಿನ ದಿನದ್ದೆಂದರೆ ರೊಟ್ಟಿಯಷ್ಟೇ.

ಜೇವರ್ಗಿಯಿಂದ ಬಂದು ಅಫಜಲಪುರದಲ್ಲಿ ಪಾವ್ ಬ್ರೆಡ್ಡಿನ ಭಟ್ಟಿ ಇಟ್ಟಿದ್ದ ಚಾಚಾ ಒಬ್ಬರಿದ್ದರು. ಅವರನ್ನು ಕೇಳಿದೆ.

"ಅದರಾಗೇನದ? ಸೇಂದಿ ಹಾಕು. ಕುಡದವನ ಮಾರಿ ಹೆಂಗ ಉಬ್ಬತದ ನೋಡಿಲ್ಲೇನು? ಹಿಟ್ಟೂ ಹಂಗ."

ಈಚಲ ಮರದ ಹೆಂಡಕ್ಕೆ ನಮ್ಮಲ್ಲಿ ಸೇಂದಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದರ ಹೆಸರೆತ್ತಿದರೂ ಬಾಯಿ ತೊಳೆಯಬೇಕು. ಒಂದು ಸಣ್ಣ ಗಡಿಗೆಯನ್ನು ಟವೆಲಿನಲ್ಲಿ ಮುಚ್ಚಿಕೊಂಡು ತಂದೆ. ಮುಚ್ಚಿದ್ದರಿಂದಲೇ ಎಲ್ಲರೂ ನೋಡಿದರು. ಅವ್ವ ಅಡುಗೆಮನೆಯ ಹೊಸ್ತಿಲಿಗೆ ಅಡ್ಡ ಕೂತುಬಿಟ್ಟಳು.

"ಅದನ್ನ ಹಿಡಕೊಂಡು ಒಳಗ ಕಾಲಿಟ್ಟಿ ಅಂದ್ರ ನಾ ಈ ಕಡೆ ಮನಿ ಬಿಟ್ಟು ಹೊರಗ ಹೋಗ್ತೇನಿ!"

ಕೊನೆಗೆ ದನದ ಕೊಟ್ಟಿಗೆಯಲ್ಲಿ ಕೂತು ಗೋದಿ ಹಿಟ್ಟು ಕಲಸಿದೆ. ಅಗಲವಾದ ಪರಾತದಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ, ಉಳಿದ ಸೇಂದಿಯ ಗಡಿಗೆಯನ್ನು ಪಕ್ಕಕ್ಕಿಟ್ಟು ಬಂದೆ. ಬೆಳಿಗ್ಗೆ ನೋಡಿದರೆ ಪರಾತ ತೊಳೆದಿಟ್ಟ ಹಾಗಿದೆ, ಗಡಿಗೆ ಉರುಳಿದೆ. ನಮ್ಮ ಬಿಳಿ ಎತ್ತು ಅರ್ಧ ಕಣ್ಣು ಮುಚ್ಚಿಕೊಂಡು ಮಹಾರಾಜನ ಠೀವಿಯಲ್ಲಿ ಮಲಗಿದೆ. ಹಿಟ್ಟು ಉಬ್ಬಿತ್ತು, ಅದರಲ್ಲಿ ಸುಳ್ಳಿಲ್ಲ. ಎತ್ತಿನ ಹೊಟ್ಟೆಯೊಳಗೆ ಉಬ್ಬಿತ್ತು.

ಅವ್ವ ಅಜಿವಾನ, ಅದೇ ಓಮಿನ ಕಾಳು, ಕುದಿಸಿ ಕುಡಿಸಿದಳು, ನಾನು ಹೊಟ್ಟೆ ತಿಕ್ಕಿದೆ. ಮಧ್ಯಾಹ್ನದ ಹೊತ್ತಿಗೆ ಅದು ಎದ್ದು ನಾಲ್ಕು ಹೆಜ್ಜೆ ಹಾಕಿತು, ನಾಲ್ಕೂ ನಾಲ್ಕು ದಿಕ್ಕಿಗೆ. ನಮ್ಮಲ್ಲಿ ಬಿತ್ತನೆ ಕೂರಿಗೆ ಕೇಳಲು ಬಂದವನೊಬ್ಬ ಗಡಿಗೆ ನೋಡಿದ, ಎತ್ತು ನೋಡಿದ, ನನ್ನನ್ನೂ ನೋಡಿದ. ಕೂರಿಗೆ ಕೇಳದೇ ಹೋದ. ಸಂಜೆಯ ಹೊತ್ತಿಗೆ ಸುದ್ದಿ ಕರಜಗಿ ಮುಟ್ಟಿತ್ತು:

"ತಾ ಕುಡ್ಯೂದು ಅಲ್ದ ಎತ್ತಿಗೂ ಕುಡಸ್ತಾನಂತ!"

ಮುಡಿಯುವ ಸೊಪ್ಪು

ಮಾವನಿಂದ ಹೇಳಿಕೆ ಬಂತು: "ಕೂಸು ಇನ್ನಾ ಸಣ್ಣದದ. ಈಗ ಕಳಸೂದಿಲ್ಲ." ಕೂಸಿನ ವಯಸ್ಸಿಗೂ ನನ್ನ ಗಡಿಗೆಗೂ ಸಂಬಂಧವಿದೆ ಎಂದು ಗೊತ್ತಾಗಲು ಪಂಡಿತರು ಬೇಕಾಗಿರಲಿಲ್ಲ. ತೊಟ್ಟಿಲಿಗೆ ಹಾಕಿದ ದಿನ ನೋಡಿದ ಮಗನ ಮುಖ ಕಣ್ಣಮುಂದೆ ಬಂತು. ಇಟಲಿಯಲ್ಲಿ ಗುಂಡಿನ ಸಪ್ಪಳಕ್ಕೂ ಹೆದರದವನು ನಾನು, ಆ ದಿನ ಹೆದರಿದ್ದು ಖರೆ.

ಇದಕ್ಕೆ ಒಂದೇ ಉಪಾಯ. ಪಿಜ್ಜಾ ಮಾಡಿ ಮಾವನ ಬಾಯಿಗಿಟ್ಟು, ಸೇಂದಿ ಯಾತಕ್ಕೆ ತಂದಿದ್ದೆ ಎಂದು ತೋರಿಸುವುದು. ಅಫಜಲಪುರದ ಸಂತೆಗೆ ಹೋಗಿ ಟಮಾಟಿ ಕೊಂಡೆ, ಮತ್ತೊಂದು ಗಡಿಗೆ ಸೇಂದಿ ಕೊಂಡೆ. ಇಟಲಿಯ ಆ ಸೊಪ್ಪಿನ ವಾಸನೆಗೆ ಸರಿಹೋಗುವುದು ನಮ್ಮಲ್ಲಿ ಒಂದೇ, ಕಾಮಕಸ್ತೂರಿ. ಅದು ಕಾಯಿಪಲ್ಯದ ಸಾಲಿನಲ್ಲಿ ಸಿಗುವುದಿಲ್ಲ, ಹೂವಿನವಳ ಬುಟ್ಟಿಯಲ್ಲಿ ಸಿಗುತ್ತದೆ. ಹೆಂಗಸರು ಹೂವಿನ ಜೊತೆ ಮುಡಿಯುವ ಸೊಪ್ಪು ಅದು.

"ಎಷ್ಟ ಮಾರು ಕಟ್ಟಲ್ರಿ?" ಎಂದಳು ಹೂವಿನವಳು.

"ಕಟ್ಟಬ್ಯಾಡ. ಬುಟ್ಟ್ಯಾಗಿದ್ದಷ್ಟೂ ಕೊಡು."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮನ್ಯಾಗ ಎಷ್ಟ ಮಂದಿ ಅದಾರ್ರಿ ಹೆಂಡ್ರು?" ಎಂದಳು.

ತಿರುಗುತ್ತೇನೆ, ಎದುರಿಗೆ ಮಾವ! ತೊಗರಿ ಮಾರಲು ಬಂದಿದ್ದರು. ನನ್ನ ಒಂದು ಕೈಯಲ್ಲಿ ಸೇಂದಿ, ಇನ್ನೊಂದು ಕೈಯಲ್ಲಿ ಘಮಘಮಿಸುವ ಕಾಮಕಸ್ತೂರಿಯ ಕಟ್ಟು. ಅವರ ಮೀಸೆ ನಡುಗಿತು.

"ಏನ್ರಿ ಅಳಿಯಾಂದ್ರ, ನನ್ನ ಮಗಳು ನನ್ನ ಮನ್ಯಾಗ ಅದಾಳ. ಇದು ಯಾರ ತುರುಬಿಗೆ?"

"ತುರುಬಿಗಲ್ರಿ ಮಾವಾರ, ತಿನ್ನಾಕ."

"ಮತ್ತ ಆ ಗಡಿಗಿ?"

"ಅದೂ ತಿನ್ನಾಕರಿ."

ಮಾವ ಟೋಪಿ ತೆಗೆದು ತಲೆ ಕೆರೆದುಕೊಂಡರು.

"ನನ್ನ ಜನ್ಮದಾಗ ಭಾಳ ಕುಡುಕರನ್ನ ನೋಡೇನಿ. ಕುಡದೇ ಇಲ್ಲ ಅಂತಾರ. ತಿಂದೇನಿ ಅನ್ನಾವ್ರು ನೀವೊಬ್ರ."

ನಾನು ಅವರ ಕಾಲು ಹಿಡಿಯುವುದೊಂದು ಬಾಕಿ. ಸಂತೆಯ ನಡುವೆ ನಿಂತು ನೇಪಲ್ಸಿನಿಂದ ಹಿಡಿದು ಎತ್ತಿನವರೆಗೆ ಎಲ್ಲ ಹೇಳಿದೆ. ಅವರು ಕೇಳಿ ಒಂದೇ ಮಾತು ಹೇಳಿದರು.

"ನಾಳಿಗೆ ಕರಜಗಿಗೆ ಬರ್ರಿ. ನೀವು ಹೇಳಿದ ರೊಟ್ಟಿ ನನ್ನ ಕಣ್ಣಮುಂದ ಉಬ್ಬಿದ್ರ ಮಗಳು, ಮೊಮ್ಮಗ ನಿಮ್ಮ ಗಾಡ್ಯಾಗ ಕೂಡ್ತಾರ. ಇಲ್ಲಂದ್ರ ಗಾಡಿ ಖಾಲಿ ಹೋಗ್ತದ."

ಹೂವಿನವಳು ಅಷ್ಟೂ ಕೇಳಿಸಿಕೊಂಡಿದ್ದಳು. ಸೊಪ್ಪಿನ ಮೇಲೆ ಇನ್ನೊಂದು ಹಿಡಿ ಹಾಕಿ ಹೇಳಿದಳು: "ಒಯ್ರಿ ಯಣ್ಣಾ. ಇಂಥಾ ಸುಳ್ಳು ಹೇಳಾಕ ಯಾರಿಗೂ ಬರೂದಿಲ್ಲ. ಖರೇನ ಇರ್ಬೇಕು."

ಉಸಿರಾಡುವ ಪಾತೇಲಿ

ಮರುದಿನ ಬೆಳಿಗ್ಗೆ ಹಿಟ್ಟು ಕಲಸಿ ಪಾತೇಲಿಗೆ ಹಾಕಿ, ಮುಚ್ಚಳ ಮುಚ್ಚಿ, ಬಟ್ಟೆ ಬಿಗಿದು ಗಾಡಿಯಲ್ಲಿಟ್ಟೆ. ಆಗ ಹೊಳೆಯ ಈಚೆಗೂ ಆಚೆಗೂ ಬೇರೆ ಬೇರೆ ರಾಜ್ಯ. ಯಾರು ಏನು ಸಾಗಿಸುತ್ತಾರೋ ಎಂದು ದಾರಿಗೊಂದು ತಪಾಸಣೆಯ ನಾಕಾ. ನಮ್ಮ ಗಾಡಿಯನ್ನೂ ತಡೆದರು. ಲಾಠಿ ಹಿಡಿದ ಜವಾನ ಕೇಳಿದ:

"ಪಾತೇಲ್ಯಾಗ ಏನದ?"

"ಹಿಟ್ಟದರಿ."

ಬಿಸಿಲಿಗೆ ಕಾದ ಹಿಟ್ಟು ಅದೇ ಹೊತ್ತಿಗೆ ಮೈಮುರಿಯಬೇಕೇ? ಮುಚ್ಚಳ ಮೆಲ್ಲಗೆ ಮೇಲೆದ್ದಿತು. ಬಟ್ಟೆ ಬಿಗಿಯಾಯಿತು. ಒಳಗಿಂದ "ಪುಸ್" ಎಂದಿತು. ಜವಾನ ಹಿಂದಕ್ಕೆ ಹಾರಿದ.

"ಜಮಾದಾರ್ ಸಾಬ್! ಉಸುರಾಡಾಕತ್ತದ!"

ಜಮಾದಾರರು ಬಂದರು. ಜವಾನ ದೂರದಿಂದಲೇ ಲಾಠಿಯ ತುದಿಯಿಂದ ಬಟ್ಟೆ ಬಿಚ್ಚಿದ. ಹಿಟ್ಟು ಬುಸ್ಸೆಂದು ಅಂಚು ಮೀರಿ ಇಣುಕಿತು. ಜಮಾದಾರರು ಹೈದರಾಬಾದಿನ ಕಡೆಯವರು. ಬಗ್ಗಿ ಮೂಸಿದರು, ಮುಖ ಅರಳಿತು.

"ಅರೇ, ಖಮೀರ್! ನಮ್ಮ ಕಡಿ ನಾನ್-ರೊಟ್ಟಿ ಮಾಡೂ ಹುಳಿ ಹಿಟ್ಟಲೇ ಇದು! ಊರು ಬಿಟ್ಟ ಮ್ಯಾಲ ಕಂಡೇ ಇಲ್ಲ."

ಅರ್ಧ ಹಿಟ್ಟು ಅಲ್ಲೇ ಜಪ್ತಾಯಿತು. ಉಳಿದರ್ಧದೊಂದಿಗೆ ನಾನು ಹೊರಟೆ. ಹಿಂದಿನಿಂದ ಜವಾನ ಕೂಗಿ ಕೇಳುತ್ತಿದ್ದ:

"ಯಣ್ಣಾ, ಇದನ್ನ ತಿಂದ ಮ್ಯಾಲ ಒಳಗೂ ಹಿಂಗ ಏಳತದೇನು?"

ಮಾವನ ತೀರ್ಪು

ಕರಜಗಿಯಲ್ಲಿ ಮಾವನ ಕಬ್ಬಿನ ಗದ್ದೆಯಲ್ಲಿ ಬೆಲ್ಲದ ಗಾಣ ನಡೆದಿತ್ತು. ಅದರ ಒಲೆಯ ಉರಿ ನೋಡಿದ ಕೂಡಲೇ ನನಗೆ ಜೀವ ಬಂತು. ಇಟಲಿಯ ಭಟ್ಟಿಗೇನೂ ಕಡಿಮೆಯಿಲ್ಲ. ಒಲೆಯ ಬಾಯಲ್ಲಿ ಒಂದು ಚಪ್ಪಟೆ ಕಲ್ಲು ಕಾಯಲಿಟ್ಟೆ. ಗಾಣದ ಆಳುಗಳು, ಓಣಿಯವರು ಎಲ್ಲ ಸೇರಿದರು. ಮಾವ ಹಗ್ಗದ ಹೊರಸಿನ ಮೇಲೆ ನ್ಯಾಯಾಧೀಶರಂತೆ ಕೂತರು. ನನ್ನಾಕೆ ಕೂಸನ್ನು ಬಗಲಲ್ಲಿ ಇಟ್ಟುಕೊಂಡು ನೀರು ಕೊಡುವ ನೆಪದಲ್ಲಿ ಹತ್ತಿರ ಬಂದು ಪಿಸುಗುಟ್ಟಿದಳು:

"ಏನ್ರಿ, ಖರೇನ ಬರ್ತದೋ, ಇಲ್ಲಾ ಬರೇ ಬಡಾಯೋ? ನಾ ಮುಂಜಾನಿಂದ ಗಂಟು ಕಟ್ಟಿಟ್ಟೇನಿ."

ಆ ಒಂದು ಮಾತಿಗೆ ನನಗೆ ಆನೆಯ ಬಲ ಬಂತು. ಕಾಮಕಸ್ತೂರಿ, ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಒರಳಿನಲ್ಲಿ ಅರೆದು, ಟಮಾಟಿ ಹಿಚುಕಿ, ಕುಸುಬಿ ಎಣ್ಣೆ ಸುರಿದು ಕಲಸಿದೆ. ಗಾಣದಲ್ಲಿದ್ದ ಬೆಲ್ಲದ ವಾಸನೆಯನ್ನೂ ಅದು ಹಿಂದೆ ಹಾಕಿತು. ಇನ್ನು ಹಾಲಿನ ಗಟ್ಟಿ ಬೇಕು. ಎಮ್ಮೆ ಈದು ಮೂರು ದಿನವಾಗಿತ್ತು, ಅತ್ತೆ ಗಿಣ್ಣ ಕಾಸುತ್ತಿದ್ದರು. ಬೆಲ್ಲ ಹಾಕುವ ಮೊದಲೇ ಒಂದು ಬಟ್ಟಲು ಎತ್ತಿಕೊಂಡು ಅದಕ್ಕೆ ಉಪ್ಪು ಉದುರಿಸಿದೆ. ಅತ್ತೆ ಸೆರಗು ಬಾಯಿಗಿಟ್ಟುಕೊಂಡರು.

"ಗಿಣ್ಣಕ್ಕ ಉಪ್ಪು! ಕುಡಕರೂ ಹಿಂಗ ಮಾಡೂದಿಲ್ಲವ್ವಾ!"

ಹಿಟ್ಟನ್ನು ಅಗಲ ಮಾಡಿ, ಎಲ್ಲ ಹಚ್ಚಿ, ಕಲ್ಲಿನ ಮೇಲೆ ತಳ್ಳಿದೆ. ಗಾಣ ತಿರುಗುವುದು ನಿಂತಿತು. ನಾನು ಎಲ್ಲ ದೇವರನ್ನೂ ನೆನೆದೆ, ಇಟಲಿಯ ಮುದುಕಿಯನ್ನೂ ನೆನೆದೆ. ಅಂಚು ಮೆಲ್ಲಗೆ ಎದ್ದಿತು. ಇನ್ನಷ್ಟು ಎದ್ದಿತು. ಸುತ್ತಲೂ ದಿಂಬಿನ ಹಾಗೆ ಉಬ್ಬಿ ಕೆಂಪಗಾಯಿತು. "ಉಬ್ಬಿತೋ!" ಎಂದು ಆಳುಗಳು ಕೂಗಿದರು. ನನ್ನಾಕೆ ನಗುತ್ತ ಕೂಸಿನ ಕೈ ಹಿಡಿದು ಚಪ್ಪಾಳೆ ತಟ್ಟಿಸಿದಳು. ಆ ಹೊತ್ತಿನ ಸಂತೋಷ ನನಗೆ ಈ ವಯಸ್ಸಿಗೂ ಹಾಗೇ ಇದೆ.

ಬಾಳೆ ಎಲೆಯ ಮೇಲಿಟ್ಟು ಮಾವನ ಮುಂದೆ ಹಿಡಿದೆ. ಅವರು ಅದನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸಿ ನೋಡಿದರು. ಆಮೇಲೆ ನಿಧಾನವಾಗಿ ಬೆರಳಿನಿಂದ ಮೇಲಿದ್ದ ಟಮಾಟಿ, ಸೊಪ್ಪು, ಗಿಣ್ಣ ಎಲ್ಲವನ್ನೂ ಬಳಿದು ಎಲೆಯ ಒಂದು ಬದಿಗೆ ಗುಡ್ಡೆ ಹಾಕಿದರು. ರೊಟ್ಟಿಯನ್ನು ಇನ್ನೊಂದು ಬದಿಗಿಟ್ಟರು. ಒಂದು ತುಂಡು ಮುರಿದರು, ಪಲ್ಯಕ್ಕೆ ಒತ್ತಿದರು, ಬಾಯಿಗಿಟ್ಟರು. ಎಲೆ ಖಾಲಿಯಾಗುವವರೆಗೆ ತಲೆ ಎತ್ತಲಿಲ್ಲ.

"ಹೆಂಗದರಿ ಮಾವಾರ?"

"ರೊಟ್ಟಿ ಚೊಲೊ ಅದ. ಪಲ್ಯನೂ ಚೊಲೊ ಅದ," ಎಂದು ತೇಗಿದರು. "ಎರಡೂ ಕೂಡ್ಸಿ ಹಾಳ ಮಾಡಿದ್ರಿ, ನಾ ಬಿಡಿಸಿ ಸರಿ ಮಾಡಿದೆ."

"ಹಂಗಾರ ಕಳಸ್ತೀರ್ರಿ?" ಎಂದೆ.

"ಕಳಸ್ತೇನಿ. ಮಾತು ಅಂದ್ರ ಮಾತು. ನೀವು ಕುಡುಕ ಅಲ್ಲ, ಅದಂತೂ ಖಾತ್ರಿ ಆತು." ಅವರು ಅತ್ತೆಯ ಕಡೆ ತಿರುಗಿ ನಿಟ್ಟುಸಿರು ಬಿಟ್ಟರು. "ಕುಡುಕ ಆಗಿದ್ರ ಗುಡಿಗೆ ಕರಕೊಂಡು ಹೋಗಿ ಆಣಿ ಮಾಡಿಸಿ ಬಿಡಸ್ತಿದ್ವಿ. ಇದನ್ನ ಹೆಂಗ ಬಿಡಸೂದು?"

ಹೊತ್ತು ಇಳಿಯುವ ಮೊದಲೇ ಗಾಡಿ ಕಟ್ಟಿದೆವು. ನನ್ನಾಕೆ ನಾನು ಅರೆಯದೆ ಉಳಿಸಿದ್ದ ಕಾಮಕಸ್ತೂರಿಯ ಒಂದು ಕುಡಿ ಮುಡಿದು, ಮಗನನ್ನು ನನ್ನ ತೊಡೆಯ ಮೇಲೆ ಹಾಕಿ ಪಕ್ಕದಲ್ಲಿ ಕೂತಳು. ಹಿಂದೆ ತೊಟ್ಟಿಲು, ಬೆಲ್ಲದ ಪೆಂಟಿ, ಅವಳ ಗಂಟು. ಎತ್ತು ಹೆಜ್ಜೆ ಎತ್ತಬೇಕು, ಅಷ್ಟರಲ್ಲಿ ಮಾವ "ತಡೀರಿ, ತಡೀರಿ" ಎನ್ನುತ್ತ ಓಡಿಬಂದರು. ಕೈಯಲ್ಲಿ ಫಳಫಳ ಹೊಳೆಯುವ ಎರಡು ಹಿತ್ತಾಳೆಯ ತಾಟು. ಅವನ್ನು ನನ್ನ ಕೈಗಿಟ್ಟು, ಓಣಿಯವರಿಗೆಲ್ಲ ಕೇಳುವಂತೆ ಹೇಳಿದರು:

"ಹಿಡೀರಿ ಅಳಿಯಾಂದ್ರ. ಒಂದು ರೊಟ್ಟಿಗೆ, ಒಂದು ಪಲ್ಯಕ್ಕ."