ಹಿಂದಿನ ಸೀಟಿನಾಕಿ

ನಮ್ಮ ಮನೆಯವರು ಮೋಟರ್ ಸೈಕಲ್ಲಿಗೆ ಹೊಸದೇನಾದರೂ ಹಾಕಿಸಿದರು ಅಂದರೆ ನನಗೆ ಏನಾದರೊಂದು ಆಗಲೇಬೇಕು. ಆಗುತ್ತಲೇ ಬಂದಿದೆ. ಅವರಿಗೆ ಬಿತ್ತನೆ ಬೀಜದ ಕಂಪನಿಯಲ್ಲಿ ಕೆಲಸ. ಮನೆ ಕೂಡ್ಲಿಗಿಯಲ್ಲಿ, ತಿರುಗಾಟ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ನಾನು ಶಾಲೆಯ ಟೀಚರ್. ರಜೆ ಬಂದರೆ ಅವರ ಹಿಂದೆ ಕೂತು ಮದುವೆಗೋ, ಹಿರೇಹಡಗಲಿಯ ತವರಿಗೋ ಹೊರಡುವವಳು. ತೊಂಬತ್ತರ ದಶಕದ ಕೊನೆಯ ಆ ರಸ್ತೆಗಳಲ್ಲಿ ಟಾರನ್ನು ಹುಡುಕಿಕೊಂಡು ಹೋಗಬೇಕಿತ್ತು.

“ಲಾಂಗ್ ಹೋದ್ರ ಸೊಂಟ ಹಿಡೀತೈತಿ. ಗಾಡಿ ಒಂಚೂರು ಆರಾಮ ಮಾಡಿಸಬೇಕು” ಎಂದರು ಒಂದು ದಿನ.

ನನ್ನ ಸೊಂಟವೂ ಅದೇ ಗಾಡಿಯ ಮೇಲೆ ಹೋಗುತ್ತದಲ್ಲ ಅಂತ ನಾನು ಖುಷಿಪಟ್ಟೆ. ಎಂಥ ದಡ್ಡತನ!

ಸೀಟು

ಮೊದಲು ಸೀಟು. ಕೊಟ್ಟೂರಿನ ಕುಶನ್ ಅಂಗಡಿಯಲ್ಲಿ ಮಾಡಿಸಿಕೊಂಡು ಬಂದರು. ಮುಂದಿನ ಭಾಗ ಆರಾಮಕುರ್ಚಿಯ ಹಾಗೆ ತಗ್ಗಾಗಿ, ಅಗಲವಾಗಿ, ಮೆತ್ತಗಿತ್ತು. ಹಿಂದಿನ ಭಾಗ ಹೊಲದ ಬದುವಿನ ಹಾಗೆ ಎದ್ದು ನಿಂತಿತ್ತು. ಅದರ ಮೇಲೆ ನಾನು. ಬ್ರೇಕ್ ಹಾಕಿದಾಗೊಮ್ಮೆ ಜಾರಿ ಅವರ ಬೆನ್ನಿಗೆ ಬೀಳುತ್ತಿದ್ದೆ.

“ಸರಿಯಾಗಿ ಕುಂದ್ರಾಕ ಬರಂಗಿಲ್ಲೇನು ನಿನಗ?” ಎಂದು ನನಗೇ ಬೈಗುಳ.

ತಡೆಯಲಾಗಲಿಲ್ಲ. ಮುಂದಿನ ಭಾನುವಾರ ಕೊಟ್ಟೂರಿಗೆ ಹೋದಾಗ ನೇರ ಅಂಗಡಿಯೊಳಗೆ ನುಗ್ಗಿದೆ. “ಏನ್ರೀ, ಹಿಂದಿನ ಸೀಟಿನಾಗ ಏನ್ ತುಂಬೀರಿ? ಕಲ್ಲೇನು?”

“ಇಲ್ರಿ ಅಕ್ಕಾರ, ತೆಂಗಿನ ನಾರು. ಇದ್ದ ಸ್ಪಂಜೆಲ್ಲಾ ಮುಂದಕ್ಕ ಹೋತು.”

“ಹಿಂದ ಕುಂತೋರು ಮನುಷ್ಯಾರಲ್ಲೇನು?”

ಅಂಗಡಿಯವನು ಪಾಪ, ಮುಚ್ಚುಮರೆ ಇಲ್ಲದವನು. “ನಾನೂ ಕೇಳಿದೆ ಅಕ್ಕಾರ. ‘ಹಿಂದ ಯಾರೂ ಕುಂದ್ರಂಗಿಲ್ಲ, ನಮ್ಮನಿಯಾಕಿ ಅಷ್ಟ’ ಅಂದ್ರು ಸಾಹೇಬ್ರು!”

ಗಾಜು

ಆಮೇಲೆ ಹ್ಯಾಂಡಲ್ಲಿನ ಮುಂದೆ ದೊಡ್ಡದೊಂದು ಗಾಜು ಬಂತು. ಎದುರುಗಾಳಿ, ಧೂಳು ಯಾವುದೂ ಹತ್ತಿರ ಸುಳಿಯುವುದಿಲ್ಲವಂತೆ. ನಿಜವೇ, ಅವರ ಹತ್ತಿರ ಸುಳಿಯಲಿಲ್ಲ. ಗಾಜಿಗೆ ಬಡಿದ ಗಾಳಿ ಮೇಲೇರಿ, ಅವರ ತಲೆ ದಾಟಿ, ಬದುವಿನ ಮೇಲೆ ಕೂತ ನನ್ನ ಮುಖಕ್ಕೇ ಬಂದು ಅಪ್ಪಳಿಸುತ್ತಿತ್ತು. ಧೂಳು, ಹೊಟ್ಟು, ಹುಳ ಎಲ್ಲ ನನ್ನ ಪಾಲಿಗೆ.

ಹಾಗೇ ಹರಪನಹಳ್ಳಿಗೆ ಮದುವೆಗೆ ಹೋದೆವು. ಗಾಡಿ ಇಳಿದ ನಮ್ಮ ಮನೆಯವರ ಕ್ರಾಪಿನ ಒಂದು ಕೂದಲು ಅಲುಗಿರಲಿಲ್ಲ. ನನ್ನ ಜಡೆ ಬಿಚ್ಚಿ, ಮಲ್ಲಿಗೆ ಎಲ್ಲೋ ಹಾರಿ, ರೇಷ್ಮೆ ಸೀರೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮಂಟಪದ ಬಾಗಿಲಲ್ಲಿ ನಿಂತಿದ್ದ ಮದುಮಗಳ ಅಜ್ಜಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

“ಏನಪ್ಪಾ, ನೀನು ಗಾಡೀಲಿ ಬಂದು ಹೆಂಡ್ತೀನ ಜಲ್ಲಿ ಲಾರಿ ಹತ್ಸಿ ಕಳಿಸ್ದೇನು?”

ಪೆಟ್ಟಿಗೆ

ಮೂರನೆಯದು ಎರಡು ತಗಡಿನ ಪೆಟ್ಟಿಗೆ, ಆ ಕಡೆಗೊಂದು ಈ ಕಡೆಗೊಂದು. ಬ್ಯಾಗು ಹೆಗಲಿಗೆ ಹಾಕಿಕೊಂಡರೆ ಭುಜ ನೋಯುತ್ತದಂತೆ. ಪೆಟ್ಟಿಗೆ ಕೂರಲಿ ಅಂತ ನನ್ನ ಸೀರೆ ಚಕ್ರಕ್ಕೆ ಸಿಗದಂತೆ ಕಾಯುತ್ತಿದ್ದ ಜಾಲರಿಯನ್ನೇ ಬಿಚ್ಚಿಸಿದ್ದರು. ಕಾಲು ಎಲ್ಲಿಡಲಿ ಅಂತ ಕೇಳಿದರೆ, “ಪೆಟಿಗಿ ಮ್ಯಾಲಿಡು, ಹಗೂರಕ ಇಡು, ಬಣ್ಣ ಹೋದೀತು” ಎಂದರು.

ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ನೆರಿಗೆ ಹಿಡಿದು ಕೂತಿದ್ದೆ. ಊರ ಹೊರಗೆ ಪೊಲೀಸ್ ಪೇದೆಯೊಬ್ಬ ಕೈ ಅಡ್ಡ ಹಾಕಿ, ಗಾಡಿಯನ್ನು ಒಂದು ಸುತ್ತು ಸುತ್ತಿ ನೋಡಿದ.

“ಏನ್ರಿ ಇದು, ಎತ್ತಿನ ಬಂಡಿ ಹೇರಿದಂಗ ಹೇರೀರಿ? ಲೋಡ್ ಭಾಳ ಆತು. ಯಾವುದಾದ್ರೂ ಒಂದು ಇಳಿಸಿ ಹೋಗ್ರಿ.”

ನಮ್ಮ ಮನೆಯವರು ಪೆಟ್ಟಿಗೆಗಳ ಕಡೆ ನೋಡಲೇ ಇಲ್ಲ. ತಿರುಗಿ ನನ್ನನ್ನು ನೋಡಿದರು!

ತವರಿಗೆ ಹೋದದ್ದು

ಇನ್ನು ಆ ಗಾಡಿ ಹತ್ತುವುದಿಲ್ಲ ಎಂದು ಕೂತೆ. ಮಾತೂ ಕಡಿಮೆ ಮಾಡಿದೆ. ಏನು ಕೇಳಿದರೂ ‘ಹ್ಞೂಂ’, ‘ಊಹ್ಞೂಂ’ ಅಷ್ಟೇ. ಕೊನೆಗೆ ಅವರೇ ಸೋತು, ಪೆಟ್ಟಿಗೆ ತೆಗೆಸಿ, ಜಾಲರಿ ಮತ್ತೆ ಹಾಕಿಸಿ, ಹಿಂದಿನ ಸೀಟಿಗೆ ಒಳ್ಳೆ ಸ್ಪಂಜು ತುಂಬಿಸಿದರು. ಬೆನ್ನಿಗೊಂದು ಒರಗು, ಹಿಂದಿನ ಚಕ್ರಕ್ಕೆ ಹೊಸ ಶಾಕ್ ಅಬ್ಸರ್ಬರ್. ಜೊತೆಗೆ ತಮಗೆ ಕಿವಿ ಮುಚ್ಚುವಂಥ ದೊಡ್ಡ ಹೆಲ್ಮೆಟ್ಟು.

ತವರಿಗೆ ಹೊರಟೆವು. ಹಗರಿಬೊಮ್ಮನಹಳ್ಳಿಯವರೆಗೆ ಎಷ್ಟು ಸುಖವಾಗಿ ಹೋದೆ ಅಂತೀರಿ! ಊರು ದಾಟುತ್ತಿದ್ದ ಹಾಗೆ ಕುರಿ ಹಿಂಡೊಂದು ಅಡ್ಡ ಬಂತು. ಗಾಡಿ ನಿಂತಿತು. ಪಕ್ಕದಲ್ಲೇ ಹೂವಿನವಳು. “ಅವ್ವಗ ಒಂದು ಮೊಳ ಹೂವು ತಗೊಂಡು ಬರ್ತೀನ್ರಿ” ಎಂದು ಇಳಿದೆ. ಹೆಲ್ಮೆಟ್ಟಿಗೆ ಕೇಳಿಸಿರಲಿಲ್ಲ.

ಮುಂದಿನದನ್ನು ಹೂವು ಹಿಡಿದು ತಿರುಗುವಾಗ ಕಣ್ಣಾರೆ ಕಂಡೆ. ಬಸ್ಸಿಗೆ ಕಾಯುತ್ತಿದ್ದ ಮುದುಕರೊಬ್ಬರು ಗಾಡಿಯ ಹತ್ತಿರ ಹೋಗಿ ಏನೋ ಕೇಳಿದರು. ಇವರು ತಿರುಗದೆ ಕೈ ಬೀಸಿದರು. ಮುದುಕರು ಹತ್ತಿ, ಒರಗಿಗೆ ಒರಗಿದರು. ಕುರಿ ದಾಟಿದ್ದೇ ತಡ, ಗಾಡಿ ಹೊರಟೇಬಿಟ್ಟಿತು. ನಾನು ಕೂಗಿದೆ, ಓಡಿದೆ. ಕುರಿ ಮಾತ್ರ ತಿರುಗಿ ನೋಡಿದವು.

ಹಿಂದೆಯೇ ಬಂದ ಬಸ್ಸಿನಲ್ಲಿ ನಿಂತುಕೊಂಡು ಹಡಗಲಿಗೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹಿರೇಹಡಗಲಿಗೆ ಬಂದೆ. ಮನೆಯ ಮುಂದೆ ನಮ್ಮ ಮನೆಯವರು ಗಾಡಿ ತಿರುಗಿಸಿಕೊಂಡು ನಿಂತಿದ್ದರು. “ಹಿಂದಿನ ಬಸ್ಸಿಗೆ ಬರ್ತಾಳ ತಡೀರಿ, ಎದುರುಬದುರು ತಪ್ಪಿಸಿಕೊಂಡೀರಿ” ಎಂದು ಅವ್ವ ಅವರನ್ನು ತಡೆದು ಹಿಡಿದಿದ್ದಳು.

ಅವರನ್ನು ಬೀದಿಯ ಆ ಬದಿಗೆ ಕರೆದುಕೊಂಡು ಹೋಗಿ ಕೇಳಿದೆ, “ಹೇಣ್ತಿ ಯಾರು, ಮುದುಕ್ರು ಯಾರು ಗೊತ್ತಾಗಲಿಲ್ಲೇನ್ರಿ?”

“ಹೆಂಗ ಗೊತ್ತಾಗಬೇಕು? ನೀ ಇಳಿದದ್ದಷ್ಟ ಗೊತ್ತಾತು, ಯಾಕಂತ ಕೇಳಿಸಲಿಲ್ಲ. ‘ಹಿರೇಹಡಗಲಿಗೇನು?’ ಅಂದಂಗ ಕೇಳಿಸ್ತು. ನಿನ್ನ ಕೊಂಕು ಅನ್ಕೊಂಡು ‘ಮತ್ತೆಲ್ಲಿಗೆ, ಜಲ್ದಿ ಹತ್ತು’ ಅಂದೆ. ದಾರಿಯಾಗ ‘ಆರಾಮ ಐತೇನು?’ ಅಂದ್ರ ‘ಹ್ಞೂಂ’. ‘ಸಿಟ್ಟು ಹೋತೇನು?’ ಅಂದ್ರ ‘ಹ್ಞೂಂ’. ನೀನೂ ಈಗೀಗ ಅಷ್ಟ ಅಲ್ಲ ಮಾತಾಡಾದು?”

“ಧ್ವನಿ?”

“ಸಿಟ್ಟಿನ್ಯಾಗ ನಿನ್ನ ಧ್ವನಿ ಹಂಗ ಇರ್ತೈತಿ.”

ನನಗೆ ಮೈಯೆಲ್ಲ ಉರಿಯಿತು. ಜಗಲಿಯ ಮೇಲೆ ಕೂತು ಅವ್ವ ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದ ಮುದುಕರಿಗೆ ನಾನು ಯಾರೆಂದು ತಿಳಿಯದು. ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡು ನನ್ನನ್ನು ಕರೆದರು.

“ಏನ್ ಸೀಟು ಮಾಡಿಸ್ಯಾನ ತಂಗಿ ಈ ಪುಣ್ಯಾತ್ಮ! ದಾರಿಯುದ್ದಕ್ಕ ‘ಸೊಂಟ ನೋಯ್ತೈತೇನು, ಸಾವಕಾಶ ಹೋಗ್ಲೇನು’ ಅಂತ ಕೇಳಿದ್ದ ಕೇಳಿದ್ದು. ನನ್ನಂಥ ಗುರುತಿಲ್ಲದೋನ್ನ ಇಷ್ಟು ಚಂದ ನೋಡಿಕೊಂಡ ಅಂದ್ರ, ಇನ್ನ ಹೇಣ್ತೀನ ಹೆಂಗ ಇಟ್ಟಿರಬೇಕು!”