ಪೂಜೆಗೆ ಮೊದಲು ಕಾಕಾರ ಗುಳಿಗೆ

ಆ ಮುಂಜಾನೆ ಅನಗೋಳದ ಮನೆಯ ಪಡಸಾಲೆಯಲ್ಲಿ ಎಲ್ಲರೂ ಸೇರಿದ್ದೆವು. ವಿಭೂತಿ ಹಚ್ಚಿಕೊಂಡು ಕುಳಿತ ಅಜ್ಜಿ, ಒಲೆಯ ಮುಂದಿನಿಂದ ಎದ್ದು ಬಂದ ಕಾಕಾರ ಹೆಂಡತಿ ಕಾಕು, ಆಕೆಯ ಸೆರಗು ಹಿಡಿದ ಮಗಳು ನೀಲಾ, ಕಾಲೇಜು ಕಲಿಯಲೆಂದು ಆ ಮನೆಯಲ್ಲಿದ್ದ ನಾನು. ನಡುವೆ, ಅಂಗೈಯಲ್ಲಿ ಒಂದು ಗುಳಿಗೆ ಇಟ್ಟುಕೊಂಡು ಕಾಕಾ, ನನ್ನ ಅಪ್ಪನ ತಮ್ಮ. ನಾವೆಲ್ಲ ಆ ಗುಳಿಗೆಯನ್ನೇ ನೋಡುತ್ತಿದ್ದೆವು. ಕಾಕಾ ಮಾತ್ರ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದರು!

ಗುಳಿಗೆ ಯಾಕೆ ಬಂತೆಂದು ಹೇಳುವ ಮೊದಲು ಕಾಕಾ ಎಂಥವರೆಂದು ಹೇಳಬೇಕು. ಖಾನಾಪುರಕ್ಕೆಂದು ಹೊರಟರೆ, ಖಾನಾಪುರವೊಂದನ್ನು ಬಿಟ್ಟು ಎಲ್ಲಿಗೆ ಬೇಕಾದರೂ ಮುಟ್ಟುವ ಮನುಷ್ಯ ಅವರು. ಕೈಯಲ್ಲಿ ವಿದ್ಯೆ ಇರಲಿಲ್ಲವೇ? ಇತ್ತು! ಊರಿಗೆಲ್ಲ ರೇಡಿಯೊ ರಿಪೇರಿ ಮಾಡುತ್ತಿದ್ದರು. ಆದರೆ ಒಂದನ್ನು ಬಿಚ್ಚುವಷ್ಟರಲ್ಲಿ ಇನ್ನೊಂದರ ನೆನಪಾಗಿ, ಅದನ್ನು ಬಿಚ್ಚುವಷ್ಟರಲ್ಲಿ ಚಹಾದ ನೆನಪಾಗಿ, ಅಂಗಡಿಯ ತುಂಬ ಹೊಟ್ಟೆ ತೆರೆದ ರೇಡಿಯೊಗಳು ಮಲಗಿರುತ್ತಿದ್ದವು. ಒಮ್ಮೆ ಗಿರಾಕಿಯೊಬ್ಬರು ತಮ್ಮ ಪೆಟ್ಟಿಗೆ ಹೊತ್ತುಕೊಂಡು ತಿರುಗಿ ಬಂದರು.

"ಮಾಸ್ತರ, ಡಬ್ಬಿ ನಮ್ಮದ ಐತಿ ಖರೇ. ಒಳಗಿಂದು ನಮ್ಮ ಬಾಜು ಮನ್ಯಾರದು!"

"ಹೌದೇನ್ರಿ? ಹಂಗಾರ ನಿಮ್ಮದು ಅವರ ಮನ್ಯಾಗ ಹಾಡಾಕತ್ತಿರಬೇಕು. ಇಬ್ಬರೂ ಜೋರ ಹಚ್ರಿ, ಲೆಕ್ಕ ಸರಿ ಆಗತೈತಿ!"

ಇಂಥ ಮಾತಿಗೆ ನಗದವರು ಯಾರು? ಊರೂ ನಗುತ್ತಿತ್ತು, ಮನೆಯೂ ನಗುತ್ತಿತ್ತು. ದೇಸೂರಿನ ಸಂಗತಿ ನಡೆಯುವವರೆಗೆ.

ಕಾಕುವಿನ ತವರು ಖಾನಾಪುರ. ಇನ್ನೂ ಸಾಲೆಗೆ ಸೇರದ ನೀಲಾಳನ್ನು ಕರೆದುಕೊಂಡು ಕಾಕಾ ರೈಲಿನಲ್ಲಿ ಅಲ್ಲಿಗೆ ಹೊರಟಿದ್ದರು. ನಡುವೆ ದೇಸೂರಿನಲ್ಲಿ ಇನ್ನೊಂದು ಗಾಡಿ ದಾಟಿಹೋಗಲೆಂದು ರೈಲು ನಿಂತಿತು. ಮಗಳಿಗೆ ನೀರು ಕುಡಿಸಲು ಕಾಕಾ ಆಕೆಯನ್ನು ಇಳಿಸಿಕೊಂಡು ಚಹಾದ ಅಂಗಡಿಗೆ ಹೋದರು. ಅಲ್ಲೊಂದು ರೇಡಿಯೊ ಗೊರಗೊರ ಎನ್ನುತ್ತಿತ್ತು. ಕಾಕಾರ ಮುಂದೆ ರೇಡಿಯೊ ಗೊರಗೊರ ಎನ್ನುವುದೆಂದರೇನು! ಮಗಳನ್ನು ಬಾಕಿನ ಮೇಲೆ ಕೂರಿಸಿ ಅದನ್ನು ಬಿಚ್ಚಿದರು. ಅಷ್ಟರಲ್ಲಿ ರೈಲು ಸೀಟಿ ಹೊಡೆಯಿತು. ಓಡಿ ಹತ್ತಿದರು. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಮಗಳು ಬಾಕಿನ ಮೇಲಿದ್ದಳು.

ಖಾನಾಪುರದಲ್ಲಿ ನೀಲಾಳ ಆಯಿ, ಅಂದರೆ ಕಾಕುವಿನ ತಾಯಿ, ಬಾಗಿಲಲ್ಲೇ ಕೇಳಿದರಂತೆ: "ಕೂಸ ಎಲ್ಲೈತ್ರಿ?"

ಕಾಕಾ ಜೇಬಿಗೆ ಕೈ ಹಾಕಿ ನೋಡಿಕೊಂಡರಂತೆ.

ಅವರಿವರ ಕಾಲು ಹಿಡಿದು ಒಂದು ಟ್ರಕ್ ಹತ್ತಿ ದೇಸೂರಿಗೆ ಬಂದರೆ, ನೀಲಾ ಅಂಗಡಿಯವನ ಹೆಂಡತಿಯ ತೊಡೆಯ ಮೇಲೆ ಚುರಮುರಿ ತಿನ್ನುತ್ತಿದ್ದಳು. ಕೂಸಿಗೆ ಏನೂ ಆಗಿರಲಿಲ್ಲ. ಕಾಕುವಿಗೆ ಆಗಿತ್ತು. ಆಕೆ ಅಳಲಿಲ್ಲ, ಬೈಯಲಿಲ್ಲ. "ಇನ್ನ ಮ್ಯಾಲ ನನ್ನ ಮಗಳ ಕೈ ಹಿಡದು ನೀವು ಹೊಸ್ತಿಲಾ ದಾಟಬ್ಯಾಡ್ರಿ" ಎಂದಳು. ಅಷ್ಟೇ. ಅಂದಿನಿಂದ ಕಾಕಾ ನೀಲಾಳನ್ನು ಎತ್ತಿಕೊಂಡರೂ ಹೊಸ್ತಿಲ ಒಳಗೇ ನಿಂತುಬಿಡುತ್ತಿದ್ದರು.

ಹುಚ್ಚಾಸ್ಪತ್ರೆ ಧಾರವಾಡದಲ್ಲಿರುವುದರಿಂದ ನಮ್ಮ ಕಡೆ ತಲೆ ಕೆಟ್ಟವರಿಗೆ "ಧಾರವಾಡಕ್ಕ ಕಳಸ್ರಿ" ಎನ್ನುವ ಮಾತಿದೆ. ಆ ಮಾತಿಗೆ ಅಂಜಿಯೇ ಅಜ್ಜಿ ಇಷ್ಟು ವರ್ಷ ಸುಮ್ಮನಿದ್ದಳು. ಈಗ ಕಾಕಾ ತಾವಾಗಿಯೇ, ಬೆಳಗಾವಿಗೆ ಹೊಸದಾಗಿ ಬಂದಿದ್ದ ಮನಸ್ಸಿನ ಡಾಕ್ಟರ ಹತ್ತಿರ ಹೊರಟು ನಿಂತರು. ಅಜ್ಜಿ, ನಾನು ಬೆನ್ನುಹತ್ತಿದೆವು.

"ಸಣ್ಣವರಿದ್ದಾಗ ಹೆಂಗಿದ್ರು?" ಎಂದು ಡಾಕ್ಟರು ಕೇಳಿದ್ದೇ ತಪ್ಪಾಯಿತು. ಅಜ್ಜಿ ಬಾಣಂತಿ ಕೋಣೆಯಿಂದ ಶುರುಮಾಡಿದಳು! ಹೊರಗೆ ಕುಳಿತ ರೋಗಿಗಳು ಕೆಮ್ಮಿ ಕೆಮ್ಮಿ ಸುಸ್ತಾದರು. ಡಾಕ್ಟರು ಮಾತ್ರ ಪೂರ್ತಿ ಕೇಳಿದರು.

"ಅಜ್ಜಿ, ಇದು ಉಡಾಳತನ ಅಲ್ರಿ, ಹುಚ್ಚೂ ಅಲ್ಲ. ಇವರ ಲಕ್ಷ್ಯ ಒಂದ ಕಡೆ ನಿಂದರೂದಿಲ್ಲ. ಹುಟ್ಟಿನಿಂದ ಬಂದದ್ದು. ಹುಡುಗರೊಳಗ ಇಂಥಾದ್ದು ಇರತೈತಿ, ಕೆಲವರಿಗೆ ದೊಡ್ಡವರಾದ್ರೂ ಬಿಡೂದಿಲ್ಲ. ಗುಳಿಗಿ ಕೊಟ್ಟು ನೋಡೂಣು."

ಕಾಕಾ ಮೇಜಿನ ಅಂಚನ್ನು ಉಜ್ಜಿದರು. ಆಮೇಲೆ ಕೇಳಿದರು: "ಹಂಗಾರ ನಾ ಕೆಟ್ಟಾಂವ ಅಲ್ಲೇನ್ರಿ?"

ಅಜ್ಜಿ ತನ್ನ ಬಲಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಆ ಕೈಯಿಂದ ಬಿದ್ದ ಪೆಟ್ಟುಗಳ ಕತೆಯನ್ನು ಆಗಷ್ಟೇ ಆಕೆಯೇ ಡಾಕ್ಟರಿಗೆ ಹೇಳಿದ್ದಳು.

ಹೀಗೆ ಬಂದದ್ದು ಆ ಗುಳಿಗೆ. ಎದ್ದ ಕೂಡಲೇ ನುಂಗಬೇಕು ಎಂದು ಡಾಕ್ಟರ ಅಪ್ಪಣೆ. ಆದರೆ ನಮ್ಮ ಮನೆಯಲ್ಲಿ ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರೂ ಬೀಳುವಂತಿಲ್ಲ. ಲಿಂಗಪೂಜೆಯೆಂದರೆ ಕೊರಳಲ್ಲಿ ಕಟ್ಟಿದ ಲಿಂಗವನ್ನು ಅಂಗೈಯಲ್ಲಿಟ್ಟು, ಕಣ್ಣು ಕದಲಿಸದೆ ನೋಡುತ್ತ ಕೂಡುವುದು. ಕಾಕಾರಿಗೆ ಕಣ್ಣು ಕದಲಿಸದಿರಲು ಗುಳಿಗೆ ಬೇಕು. ಗುಳಿಗೆ ನುಂಗಲು ಪೂಜೆ ಮುಗಿಯಬೇಕು! ಇದನ್ನು ಬಿಡಿಸುವವರು ಯಾರು? ಡಾಕ್ಟರೇ? ಜಂಗಮರೇ?

ಅದಕ್ಕೇ ಆ ಮುಂಜಾನೆ ಎಲ್ಲರೂ ಗುಳಿಗೆ ನೋಡುತ್ತ ಸೇರಿದ್ದು. ಹುಟ್ಟಿದಾಗಿನಿಂದ ನೇಮ ಮುರಿಯದ ಅಜ್ಜಿ ಕೊನೆಗೆ ತಾನೇ ನೀರಿನ ತಂಬಿಗೆ ತಂದಳು. ತನ್ನ ಅಂಗೈಯಲ್ಲಿದ್ದ ಲಿಂಗಕ್ಕೆ ಹೇಳಿದಳು: "ಶಿವನ, ಇದೊಂದು ನಿನಗಿಂತ ಮೊದಲ ಆತು. ತಪ್ಪ ತಿಳೀಬ್ಯಾಡ. ನಿನ್ನ ಕಡೆ ನೋಡ್ಲಿ ಅಂತನ ಕೊಡಾಕತ್ತೇನಿ." ಆಮೇಲೆ ಮಗನಿಗೆ: "ನುಂಗೋ ಖೋಡಿ. ಹಲ್ಲಿ ಓಡಿ ಹೋಗೂದಿಲ್ಲ."

ಗುಳಿಗೆ ನುಂಗಿ ಬೆಳಗಾಗುವುದರಲ್ಲಿ ಕಾಕಾ ಬದಲಾದರೇ? ಮೊದಮೊದಲು ಬಾಯಿ ಒಣಗಿತು, ಅಷ್ಟೇ. ನಿಧಾನವಾಗಿ ಬಿಚ್ಚಿದ ರೇಡಿಯೊಗಳು ಒಂದೊಂದಾಗಿ ಮುಚ್ಚಿಕೊಂಡವು. ಆದರೆ ಕಾಕಾ ಸಿಳ್ಳೆ ಹಾಕುವುದನ್ನು ಬಿಟ್ಟರು. ಗಿರಾಕಿ ಬಂದರೆ "ನಾಳೆ ಬರ್ರಿ" ಎಂದಷ್ಟೇ ಹೇಳಿ, ನಾಳೆಗೆ ಖರೇ ಕೊಟ್ಟುಬಿಡುತ್ತಿದ್ದರು! ಒಂದು ದಿನ ಕಾಕು ನನ್ನ ಮುಂದೆ ಮೆಲ್ಲಗೆ ಅಂದಳು: "ಮನಿ ಭಣಭಣ ಅನ್ನತೈತೆಪಾ. ಡಾಕ್ಟರಿಗೆ ಕೇಳು, ಸ್ವಲ್ಪ ಮೊದಲಿನವರನ್ನ ಉಳಸಾಕ ಬರತೈತೇನು ಅಂತ."

ಡಾಕ್ಟರು ನಕ್ಕು ಅರ್ಧ ಗುಳಿಗೆ ಮಾಡಿದರು. ಸಿಳ್ಳೆ ಮರಳಿತು. ಜೊತೆಗೆ ಚಪ್ಪಲಿಯೊಂದನ್ನು ಅಂಗಡಿಯಲ್ಲೇ ಬಿಟ್ಟು ಬರುವುದೂ ಮರಳಿತು.

ಹೀಗಿರುವಾಗ ಒಂದು ಮುಂಜಾನೆ ಕಾಕಾ ಪೂಜೆಗೆ ಕುಳಿತಿದ್ದರು. ಹೊರಗೆ ಬೋಂಬಿಲ್ ಒಣಮೀನು ಮಾರುವವಳು ಕೂಗಿದಳು, ಅಡುಗೆಮನೆಯಲ್ಲಿ ಪಾತ್ರೆ ಬಿತ್ತು, ಹಲ್ಲಿ ಲೊಚಗುಟ್ಟಿತು. ಕಾಕಾರ ಕಣ್ಣು ಅಂಗೈಯಿಂದ ಏಳಲಿಲ್ಲ. ಪಾತ್ರೆ ಬೀಳಿಸಿದವಳು ಕಾಕುವೇ. ಬೇಕೆಂದೇ ಬೀಳಿಸಿ, ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಪೂಜೆ ಮುಗಿಯುವಷ್ಟರಲ್ಲಿ ಆಕೆ ನೀಲಾಳಿಗೆ ಹೆರಳು ಹಾಕಿ ರಿಬ್ಬನ್ ಕಟ್ಟಿದ್ದಳು. ಮಗಳ ಕೈಯನ್ನು ಕಾಕಾರ ಕೈಯಲ್ಲಿಟ್ಟು, "ಖಾನಾಪುರಕ್ಕ ಹೋಗಿ ಬರ್ರಿ. ಅವ್ವ ಹಾದಿ ನೋಡಾಕತ್ತಾಳ" ಎಂದಳು.

ಕಾಕಾ ಹೊಸ್ತಿಲ ಒಳಗೇ ನಿಂತುಬಿಟ್ಟರು. "ನೀನೂ ಬಾ. ನನ್ನ ಮ್ಯಾಲ ನನಗ ಭರೋಸ ಇಲ್ಲ."

"ನಾ ಬರೂದಿಲ್ರಿ."

"ನೀ ಅಂಜಬ್ಯಾಡವ್ವಾ, ಅಪ್ಪನ್ನ ನಾ ಕರಕೊಂಡ ಹೊಕ್ಕೇನಿ" ಎಂದಳು ನೀಲಾ.

ಹೋದರು. ದೇಸೂರಿನಲ್ಲಿ ರೈಲು ನಿಂತಿತಂತೆ. ಚಹಾದ ಅಂಗಡಿಯವನು ಗುರುತು ಹಿಡಿದು, "ಏ ಮಾಸ್ತರ! ಬಿಚ್ಚಿದ್ದು ಹಂಗ ಐತಲ್ರೀ!" ಎಂದು ಕೂಗಿದನಂತೆ. ಕಾಕಾ ತಲೆ ಎತ್ತಲಿಲ್ಲ.

ಖಾನಾಪುರದಲ್ಲಿ ಆಯಿ ಬಾಗಿಲಲ್ಲೇ ಮೊಮ್ಮಗಳನ್ನು ಬರಸೆಳೆದುಕೊಂಡು, ಆಕೆಯ ಮುಂಗೈ ತಿರುಗಿಸಿ ನೋಡಿದರು. ಬಳೆ ಒತ್ತಿ ಸುತ್ತಲೂ ಕೆಂಪು ಗೆರೆ ಮೂಡಿತ್ತು.

"ಇದೇನ ಆಗೇತಿ ನನ ಕೂಸ?"

"ಅಪ್ಪಾ ಹಿಡಕೊಂಡಿದ್ದಾ" ಎಂದಳು ನೀಲಾ.